30×40 ಸೈಟಿನಲ್ಲಿ ಒಂದಂತಸ್ತಿನ ಮನೆ: ಕೋಣೆಗಳ ನಕ್ಷೆಯನ್ನು ಯೋಜಿಸುವ ಬಗೆ

ಒಂದೇ ಅಂತಸ್ತಿನ ಮನೆಯಲ್ಲಿ ಯಾವ ತೊಂದರೆಯನ್ನೂ ಮಹಡಿಗೆ ಸಾಗಹಾಕುವಂತಿಲ್ಲ. ಒಗ್ಗರಣೆಯ ಘಾಟು, ಟಿ.ವಿ.ಯ ಸದ್ದು, ಹೇಳದೆ ಬಂದ ನೆಂಟರು, ಪರೀಕ್ಷೆಗೆ ಓದುವ ಮಗ, ಮಧ್ಯಾಹ್ನ ಕಣ್ಣು ಮುಚ್ಚುವ ಅಜ್ಜಿ, ಎಲ್ಲವೂ ಎಲ್ಲರೂ ಒಂದೇ ನೆಲದ ಮೇಲೆ, ನಾಲ್ಕೂವರೆ ಇಂಚಿನ ಗೋಡೆಯೊಂದರ ಆಚೀಚೆ ಇರುತ್ತಾರೆ. ಹಾಗಾಗಿ ಇಂಥ ಮನೆಯ ನಕ್ಷೆ ಮಾಡುವಾಗ ಕೋಣೆಯ ಅಳತೆಗಿಂತ ಮೊದಲು ಯೋಚಿಸಬೇಕಾದದ್ದು ಬಾಗಿಲುಗಳ ಜಾಗವನ್ನು. ಒಂದು ಬಾಗಿಲಿನಿಂದ ಮತ್ತೊಂದಕ್ಕೆ ಜನ ನಡೆಯುವ ದಾರಿ ಕೋಣೆಯ ನಡುವೆ ಹಾದುಹೋದರೆ ಹದಿನಾಲ್ಕು ಅಡಿಯ ಹಾಲ್ ಕೂಡ ಇಕ್ಕಟ್ಟಾಗುತ್ತದೆ; ಅದೇ ದಾರಿ ಗೋಡೆಯ ಅಂಚು ಹಿಡಿದರೆ ಹತ್ತಡಿಯಲ್ಲಿ ಆರು ಜನ ಆರಾಮವಾಗಿ ಕೂರಬಹುದು.

ಮಾತು ಗಾಳಿಯಲ್ಲಿ ತೇಲದಿರಲೆಂದು ಈ ಲೇಖನದುದ್ದಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಕರ್ನಾಟಕದ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಸಿಗುವ 30×40 ಅಡಿಯ ಸೈಟು, ಪೂರ್ವಕ್ಕೆ ರಸ್ತೆ. ಮನೆಯಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ಮತ್ತು ಒಬ್ಬ ಅಜ್ಜಿ. ನಿಮ್ಮ ಸೈಟಿನ ದಿಕ್ಕು ಬೇರೆ ಇದ್ದರೂ ಯೋಚಿಸುವ ಕ್ರಮ ಬದಲಾಗುವುದಿಲ್ಲ.

ಮೊದಲು, ಕಟ್ಟಲು ನಿಜವಾಗಿ ಸಿಗುವ ಜಾಗ

ಹನ್ನೆರಡು ಚದರದ (ಒಂದು ಚದರ ಎಂದರೆ 100 ಚದರಡಿ) ಸೈಟು ಎಂದ ಮಾತ್ರಕ್ಕೆ ಹನ್ನೆರಡು ಚದರದ ಮನೆ ಬರುವುದಿಲ್ಲ. ಸುತ್ತ ಎಷ್ಟು ಜಾಗ ಬಿಡಬೇಕೆಂಬುದನ್ನು ನಿಮ್ಮ ನಗರಸಭೆ, ಪಂಚಾಯಿತಿ ಅಥವಾ ಪ್ರಾಧಿಕಾರದ ನಿಯಮವೇ ನಿರ್ಧರಿಸುತ್ತದೆ. ಅದು ಊರಿನಿಂದ ಊರಿಗೂ ರಸ್ತೆಯ ಅಗಲಕ್ಕೆ ತಕ್ಕಂತೆಯೂ ಬದಲಾಗುವುದರಿಂದ, ಪೆನ್ಸಿಲ್ ಹಿಡಿಯುವ ಮೊದಲೇ ಅಲ್ಲಿಗೆ ಹೋಗಿ ಕೇಳಿಕೊಂಡು ಬರಬೇಕು. ಉದಾಹರಣೆಗಾಗಿ ಮುಂದೆ 5 ಅಡಿ, ಉಳಿದ ಮೂರು ಬದಿ ತಲಾ 3 ಅಡಿ ಬಿಟ್ಟೆವೆಂದುಕೊಳ್ಳೋಣ. ಆಗ ಉಳಿಯುವುದು 24×32 ಅಡಿ, ಅಂದರೆ 768 ಚದರಡಿ.

ಅದರಲ್ಲೂ ಗೋಡೆ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. ಹೊರಗೋಡೆ 9 ಇಂಚಿನ ಇಟ್ಟಿಗೆಯದಾದರೆ ಒಳಗೆ ಸಿಗುವುದು 22 ಅಡಿ 6 ಇಂಚು ಅಗಲ, 30 ಅಡಿ 6 ಇಂಚು ಉದ್ದ. 82 ಚದರಡಿ ಹೊರಗೋಡೆಯ ಕೆಳಗೇ ಹೋಯಿತು. 6 ಇಂಚಿನ ಸಾಲಿಡ್ ಬ್ಲಾಕ್ ಬಳಸಿದರೆ ಸುಮಾರು 27 ಚದರಡಿ ಮರಳಿ ಬರುತ್ತದೆ. ಅದು ಬಚ್ಚಲೊಂದರ ಅಳತೆಗೆ ಹತ್ತಿರ. ಆದರೆ ಪಿಲ್ಲರ್ 9 ಇಂಚಿನದಾಗಿದ್ದಾಗ 6 ಇಂಚಿನ ಗೋಡೆಯಿಂದ 3 ಇಂಚು ಕೋಣೆಯೊಳಕ್ಕೆ ಚಾಚಿಕೊಳ್ಳುತ್ತದೆ. ಆ ಚಾಚು ಕಪಾಟಿನ ಬದಿಗೆ ಅಥವಾ ಬಾಗಿಲ ಹಿಂದಕ್ಕೆ ಬರುವಂತೆ ಪಿಲ್ಲರಿನ ಜಾಗವನ್ನು ಎಂಜಿನಿಯರ್ ಜೊತೆ ಕುಳಿತು ಈಗಲೇ ಗೊತ್ತುಮಾಡಬೇಕು. ಪಿಲ್ಲರ್ ಇಲ್ಲದೆ ಗೋಡೆಯ ಮೇಲೆಯೇ ತಾರಸಿಯ ಭಾರ ಹೊರಿಸುವುದಾದರೆ ಒಳಗೋಡೆಗಳಲ್ಲಿ ಕೆಲವು 9 ಇಂಚಿನವಾಗಬೇಕಾಗುತ್ತದೆ, ಮುಂದೆ ಕೊಟ್ಟಿರುವ ಲೆಕ್ಕ ಅಷ್ಟರ ಮಟ್ಟಿಗೆ ಬದಲಾಗುತ್ತದೆ.

ಆಯ, ಅಂದರೆ ಶಾಸ್ತ್ರದಂತೆ ಮನೆಯ ಉದ್ದಗಲ ಹೊಂದಿಸುವ ಲೆಕ್ಕ, ನೋಡಿಸುವ ಮನೆಯವರಾದರೆ ಅದನ್ನೂ ಇದೇ ಹಂತದಲ್ಲಿ ಮುಗಿಸಿಕೊಳ್ಳುವುದು ಲೇಸು. ಕೋಣೆಗಳನ್ನೆಲ್ಲ ಹಂಚಿದ ಮೇಲೆ ಯಾರೋ ಬಂದು ಉದ್ದದಲ್ಲಿ ನಾಲ್ಕಿಂಚು ಕಡಿಮೆ ಮಾಡಿಸಿದರೆ, ಆ ನಾಲ್ಕಿಂಚು ಯಾವಾಗಲೂ ಬಚ್ಚಲಿನ ಲೆಕ್ಕದಿಂದಲೇ ಕಡಿದುಹೋಗುತ್ತದೆ.

ಕೋಣೆಗೆ ಮೊದಲು ಸಾಮಾನು

ಮನೆಯಲ್ಲಿ ಈಗಾಗಲೇ ಇರುವ ಮತ್ತು ಖಂಡಿತವಾಗಿ ಕೊಳ್ಳಲಿರುವ ದೊಡ್ಡ ಸಾಮಾನುಗಳನ್ನು ಟೇಪು ಹಿಡಿದು ಅಳೆದು ಬರೆದಿಡಬೇಕು. ಡಬಲ್ ಮಂಚ 6×6½ ಅಡಿ, ಬೀರುವಾಗಲಿ ಕಪಾಟಾಗಲಿ 2 ಅಡಿ ಆಳ, ನಾಲ್ಕು ಜನರ ಊಟದ ಮೇಜು 4×2½ ಅಡಿ, ಕುರ್ಚಿ ಹಿಂದೆ ಸರಿಸಿ ಏಳಲು ಮತ್ತೆ ಎರಡೂವರೆ ಅಡಿ, ದಿವಾನ 6×3 ಅಡಿ. ಒಂದು ಅಡಿಗೆ ಒಂದು ಸೆಂಟಿಮೀಟರ್ ಎಂಬ ಲೆಕ್ಕದಲ್ಲಿ ಇವುಗಳನ್ನು ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡರೆ ಚೌಕುಳಿ ಹಾಳೆಯ ಮೇಲೆ ಸರಿಸಿ ಸರಿಸಿ ನೋಡಬಹುದು. ಕಂಪ್ಯೂಟರಿನಲ್ಲಿ ಬರೆದ ನಕ್ಷೆಗಳಲ್ಲಿ ಮಂಚವನ್ನು ಕೋಣೆಗೆ ಒಪ್ಪುವಷ್ಟು ಕುಗ್ಗಿಸಿ ತೋರಿಸಿರುವುದುಂಟು. ಆದ್ದರಿಂದ ಬೇರೆಯವರು ಬರೆದುಕೊಟ್ಟ ನಕ್ಷೆಯನ್ನೂ ಇದೇ ರಟ್ಟಿನ ತುಂಡುಗಳಿಂದ ಪರೀಕ್ಷಿಸುವುದು ಒಳ್ಳೆಯದು.

11×11 ಅಡಿಯ ಮಲಗುವ ಕೋಣೆಯನ್ನು ಹೀಗೆ ಪರೀಕ್ಷಿಸಿ ನೋಡೋಣ. ಒಂದು ಗೋಡೆಗೆ 2 ಅಡಿ ಆಳದ ಕಪಾಟು, ಎದುರು ಗೋಡೆಗೆ ಮಂಚದ ತಲೆ. ಕಪಾಟು ಹೋಗಿ ಉಳಿದ 9 ಅಡಿಯಲ್ಲಿ ಮಂಚದ ಉದ್ದ ಆರೂವರೆ ಅಡಿಯನ್ನು ಕಳೆದರೆ ಕಾಲ ಬುಡದಲ್ಲಿ ಎರಡೂವರೆ ಅಡಿ ಸಿಗುತ್ತದೆ. ಒಂದೂವರೆ ಅಡಿಯ ಕಪಾಟಿನ ಬಾಗಿಲು ತೆರೆದು ನಿಲ್ಲಲು ಅಷ್ಟು ಸಾಕು. ಅಡ್ಡಕ್ಕೆ ಮಂಚದ ಎರಡೂ ಬದಿ ಎರಡೂವರೆ ಅಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಹೇಳುವ ಕನಿಷ್ಠ ಅಳತೆ 9.5 ಚದರ ಮೀಟರು, ಎಂದರೆ ಸುಮಾರು 102 ಚದರಡಿ. ನಮ್ಮ ಕೋಣೆ 121 ಚದರಡಿ ಇರುವುದರಿಂದ ನಿಯಮಕ್ಕೂ ಬಳಕೆಗೂ ಒಪ್ಪುತ್ತದೆ. ಆದರೆ ಇದೇ ಕೋಣೆಗೆ ಗೋಡೆಯ ನಟ್ಟನಡುವೆ ಬಾಗಿಲಿಟ್ಟರೆ ಕಪಾಟಿಗೂ ಜಾಗವಿಲ್ಲ, ಮಂಚಕ್ಕೂ ಇಲ್ಲ. ಬಾಗಿಲು ಮೂಲೆ ಸೇರಬೇಕು.

ಉತ್ತರಕ್ಕೆ ತಲೆ ಹಾಕಿ ಮಲಗಬಾರದೆಂಬ ರೂಢಿ ನಿಮ್ಮಲ್ಲಿದ್ದರೆ ಮಂಚದ ತಲೆ ಯಾವ ಗೋಡೆಗೆ ಎಂಬುದನ್ನೂ ಈಗಲೇ ಗುರುತಿಸಿ, ಏಕೆಂದರೆ ಕಿಟಕಿ, ಸ್ವಿಚ್ಚು, ಫ್ಯಾನು ಎಲ್ಲವೂ ಅದನ್ನೇ ಅನುಸರಿಸುತ್ತವೆ.

ಮನೆಯನ್ನು ಮೂರು ಅಡ್ಡಪಟ್ಟಿಗಳಾಗಿ ಹಂಚುವುದು

ಉದ್ದನೆಯ ಸೈಟಿನಲ್ಲಿ ಅನೇಕರು ಮೊದಲು ಬರೆಯುವುದು ಎರಡು ಉದ್ದಸಾಲುಗಳನ್ನು: ಒಂದು ಬದಿಗೆ ಹಾಲ್ ಮತ್ತು ಅದರ ಹಿಂದೆ ಕೋಣೆ, ಇನ್ನೊಂದು ಬದಿಗೆ ಅಡುಗೆಮನೆ, ಊಟದ ಜಾಗ, ಅದರ ಹಿಂದೆ ಮತ್ತೊಂದು ಕೋಣೆ. ಹಾಳೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಹಿಂದಿನ ಎರಡನೆಯ ಕೋಣೆಗೆ ಬಾಗಿಲು ಎಲ್ಲಿಂದ ಎಂದು ಕೇಳಿದಾಗಲೇ ತೊಡಕು ಬಯಲಾಗುವುದು. ಒಂದೋ ಮೊದಲ ಕೋಣೆಯ ಮೂಲಕ ಹಾದುಹೋಗಬೇಕು, ಇಲ್ಲವೇ ಮೂರೂವರೆ ಅಡಿಯ ಓಣಿಯೊಂದನ್ನು ಮನೆಯುದ್ದಕ್ಕೂ ಕೊಡಬೇಕು. ಏಳೂಮುಕ್ಕಾಲು ಚದರದ ಮನೆಯಲ್ಲಿ ಓಣಿಗೆ ಜಾಗ ಕೊಡುವುದು ದುಂದು.

ಅದಕ್ಕೆ ಬದಲಾಗಿ ಮನೆಯನ್ನು ರಸ್ತೆಗೆ ಸಮಾನಾಂತರವಾದ ಮೂರು ಪಟ್ಟಿಗಳಾಗಿ ಹಂಚಿದರೆ ನಡುವಿನ ಪಟ್ಟಿಯೇ ಊಟದ ಜಾಗವೂ ಓಣಿಯೂ ಆಗುತ್ತದೆ. ಹಳೆಯ ಮನೆಗಳ ನಡುಮನೆ ಮಾಡುತ್ತಿದ್ದ ಕೆಲಸವೂ ಇದೇ.

ಮುಂದಿನ ಪಟ್ಟಿಯ ಆಳ 10 ಅಡಿ 3 ಇಂಚು. ಅದರಲ್ಲಿ ಈಶಾನ್ಯದ ಕಡೆಗೆ 13½ ಅಡಿ ಅಗಲದ ಹಾಲ್, ಆಗ್ನೇಯಕ್ಕೆ 8½ ಅಡಿ ಅಗಲದ ಅಡುಗೆಮನೆ. ನಡುವಿನ ಪಟ್ಟಿಯ ಆಳ 8½ ಅಡಿ. ಅದರ ಉತ್ತರದ ತುದಿಯಲ್ಲಿ ಏಳೂವರೆ ಅಡಿಯಷ್ಟನ್ನು ಎರಡು ಬಚ್ಚಲುಗಳಿಗೆ ಕೊಟ್ಟು, ಉಳಿದ ಹದಿನಾಲ್ಕೂವರೆ ಅಡಿಯನ್ನು ತೆರೆದೇ ಬಿಡಬೇಕು. ಹಿಂದಿನ ಪಟ್ಟಿ 11 ಅಡಿ. ಅಲ್ಲಿ ನೈಋತ್ಯಕ್ಕೆ ಯಜಮಾನರ ಕೋಣೆ, ವಾಯವ್ಯಕ್ಕೆ ಅಜ್ಜಿಯ ಕೋಣೆ, ಎರಡೂ 11×11. ಪಟ್ಟಿಗಳ ನಡುವಿನ ಎರಡು ನಾಲ್ಕೂವರೆ ಇಂಚಿನ ಗೋಡೆಗಳನ್ನು ಸೇರಿಸಿದರೆ ಒಟ್ಟು ಸರಿಯಾಗಿ 30 ಅಡಿ 6 ಇಂಚು. ವಾಸ್ತುವಿನ ಮೂಲೆಗಳೂ ಇದರಲ್ಲಿ ತಾವಾಗಿ ಕೂಡಿಬಂದಿವೆ. ಪಶ್ಚಿಮಕ್ಕೆ ರಸ್ತೆ ಇರುವ ಸೈಟಿನಲ್ಲಿ ಇಷ್ಟು ಸಲೀಸಾಗುವುದಿಲ್ಲ, ಅಲ್ಲಿ ಯಾವುದಾದರೊಂದು ಮೂಲೆಯ ವಿಷಯದಲ್ಲಿ ಮನೆಯವರು ರಾಜಿಯಾಗಲೇಬೇಕಾಗುತ್ತದೆ. ರಾಜಿಯಾಗುವುದಿದ್ದರೆ ದಿಕ್ಕಿನ ವಿಷಯದಲ್ಲಿ ಆಗಲಿ, ಗಾಳಿ ಬೆಳಕಿನ ವಿಷಯದಲ್ಲಿ ಬೇಡ ಎಂಬುದು ನನ್ನ ಅಭಿಪ್ರಾಯ.

ಎರಡು ಬಚ್ಚಲುಗಳಲ್ಲಿ ಮುಂದಿನದು ಎಲ್ಲರಿಗೂ. ಅದರ ಬಾಗಿಲು ದಕ್ಷಿಣಕ್ಕೆ, ನಡುಮನೆಗೆ ತೆರೆಯುತ್ತದೆ. ಹಿಂದಿನದು ಅಜ್ಜಿಯ ಕೋಣೆಗೆ ಸೇರಿದ್ದು. ಪ್ರತಿಯೊಂದೂ ಸುಮಾರು 4×7½ ಅಡಿ, 30 ಚದರಡಿಗೆ ತುಸು ಹೆಚ್ಚು. ಸ್ನಾನ, ಶೌಚ ಎರಡೂ ಸೇರಿದ ಬಚ್ಚಲಿಗೆ ಸಂಹಿತೆ ಹೇಳುವ ಕನಿಷ್ಠ ಅಳತೆ 2.8 ಚದರ ಮೀಟರಿಗೆ ಇದು ಅಂಚಿನಲ್ಲಿ ಹೊಂದುತ್ತದೆ. ಎರಡೂ ಬಚ್ಚಲು ಉತ್ತರದ ಹೊರಗೋಡೆಯನ್ನು ಮುಟ್ಟಿರುವುದರಿಂದ ಎರಡಕ್ಕೂ ವೆಂಟಿಲೇಟರ್ ಸಿಗುತ್ತದೆ. ಹೊರಗೋಡೆ ಮುಟ್ಟದ ಬಚ್ಚಲನ್ನು ಯಾರು ಎಷ್ಟೇ ಒತ್ತಾಯಿಸಿದರೂ ಒಪ್ಪಬೇಡಿ.

ಬಾಗಿಲುಗಳನ್ನು ಇಡುವುದು

ಈ ಕೆಲಸಕ್ಕೆ ಒಂದು ಸಂಜೆಯನ್ನೇ ಮೀಸಲಿಡಬಹುದು. ಮುಂಬಾಗಿಲನ್ನು ಹಾಲಿನ ಪೂರ್ವ ಗೋಡೆಯ ದಕ್ಷಿಣದ ತುದಿಯಲ್ಲಿ, ಅಡುಗೆಮನೆಯ ಗೋಡೆಗೆ ಹತ್ತಿರವಾಗಿ ಇಡಿ. ಹಾಲಿನ ಪಶ್ಚಿಮಕ್ಕೆ ಬಚ್ಚಲುಗಳು ಮುಚ್ಚದೆ ಉಳಿದ ಸುಮಾರು ಆರಡಿ ತೆರಪು ನಡುಮನೆಗೆ ಹೋಗುವ ದಾರಿಯಾಗಿರುವುದರಿಂದ, ಬಂದವರು ಹಾಲಿನ ದಕ್ಷಿಣದ ಅಂಚು ಹಿಡಿದು ನೇರ ಒಳನಡೆಯುತ್ತಾರೆ. ಉತ್ತರಕ್ಕೆ ಸುಮಾರು 10×10 ಅಡಿಯ ಕೂರುವ ಜಾಗವನ್ನು ಯಾರೂ ಹಾಯುವುದಿಲ್ಲ. ಸೋಫಾ, ದಿವಾನ, ಟಿ.ವಿ. ಅಲ್ಲಿ ನೆಲೆಯಾಗಿ ಕೂರುತ್ತವೆ. ಮುಂಬಾಗಿಲನ್ನು ಗೋಡೆಯ ನಡುವಿಗೆ ತಂದರೆ ಇದೇ ಹಾಲ್ ಎರಡು ತುಂಡಾಗುತ್ತದೆ, ಒಂದರಲ್ಲಿಯೂ ಸೋಫಾ ಹಿಡಿಯುವುದಿಲ್ಲ.

ಅಜ್ಜಿಯ ಕೋಣೆಯ ಪೂರ್ವ ಗೋಡೆಯಲ್ಲಿ ಬಚ್ಚಲು ಆಕ್ರಮಿಸದ ಭಾಗ ಮೂರಡಿಯಷ್ಟು ಮಾತ್ರ. ಕೋಣೆಯ ಬಾಗಿಲು ಅಲ್ಲಿ ಚೌಕಟ್ಟು ಸಮೇತ ಬಿಗಿಯಾಗಿ ಕೂರುತ್ತದೆ. ಯಜಮಾನರ ಕೋಣೆಯ ಬಾಗಿಲನ್ನು ಆದಷ್ಟು ದಕ್ಷಿಣಕ್ಕೆ ಸರಿಸಿದರೆ ಮುಂಬಾಗಿಲಲ್ಲಿ ನಿಂತವರಿಗೆ ಮಂಚ ಕಾಣುವುದಿಲ್ಲ. ಎಲ್ಲರ ಬಚ್ಚಲಿನ ಬಾಗಿಲು ಊಟದ ಮೇಜಿಗೆ ಎದುರಾಗುವುದು ಈ ನಕ್ಷೆಯ ದುರ್ಬಲ ಜಾಗ. ಮೇಜನ್ನು ದಕ್ಷಿಣದ ಕಿಟಕಿಯ ಕೆಳಗೆ ಒಯ್ದು, ಬಚ್ಚಲಿನ ಪಕ್ಕದ ಮೂರೂವರೆ ಅಡಿಯನ್ನು ನಡೆದಾಡಲು ಬಿಟ್ಟು, ಕೈ ತೊಳೆಯುವ ಬೇಸಿನ್ನನ್ನು ಬಚ್ಚಲಿನ ಹೊರಗೋಡೆಗೆ ಕೊಟ್ಟರೆ ಮುಜುಗರ ಬಹುಪಾಲು ತಪ್ಪುತ್ತದೆ.

ದೇವರ ಮನೆಗೆ ಹಾಲಿನ ಈಶಾನ್ಯ ಮೂಲೆ ಒಪ್ಪುತ್ತದೆ. ನಾಲ್ಕು ಗೋಡೆಯ ಪ್ರತ್ಯೇಕ ಕೋಣೆ ಮಾಡಿದರೆ ಕೂರುವ ಜಾಗದಿಂದ 12 ಚದರಡಿಗೂ ಹೆಚ್ಚು ಹೋಗುತ್ತದೆ. ಬಾಗಿಲಿರುವ ಮರದ ಮಂಟಪವಾದರೆ ಅದರ ಅರ್ಧದಲ್ಲಿ ಮುಗಿಯುತ್ತದೆ, ಹಬ್ಬದ ದಿನ ಮನೆಮಂದಿಯೆಲ್ಲ ಹಾಲಿನಲ್ಲೇ ಕುಳಿತು ಪೂಜೆ ನೋಡಬಹುದು.

ವಯಸ್ಸಾದವರಿರುವ ಮನೆಯಲ್ಲಿ ಬಚ್ಚಲಿಗೆ ವಾಡಿಕೆಯ ಎರಡೂವರೆ ಅಡಿಯ ಬಾಗಿಲು ಸಾಲದು. ಆಸರೆಗೆ ಒಬ್ಬರು ಪಕ್ಕದಲ್ಲಿ ನಡೆಯಬೇಕಾದಾಗ, ಅಥವಾ ಗಾಲಿಕುರ್ಚಿ ಬಂದಾಗ, ಮೂರಡಿಯ ಬಾಗಿಲು ಬೇಕು. ಅದು ಹೊರಕ್ಕೆ ತೆರೆಯಲಿ: ಒಳಗೆ ಯಾರಾದರೂ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ತಡೆಯುತ್ತದೆ. ಮುಂಬಾಗಿಲಿಗೆ ಬಿಟ್ಟು ಬೇರೆಲ್ಲೂ ಹೊಸಿಲು ಬೇಡ.

ಅಡುಗೆಮನೆ ಮತ್ತು ಪಾತ್ರೆ ತೊಳೆಯುವ ಜಾಗ

ಪೂರ್ವದ ಕಿಟಕಿಯ ಕೆಳಗೆ 2 ಅಡಿ ಅಗಲದ ಕಟ್ಟೆ, ಅದು ದಕ್ಷಿಣಕ್ಕೆ ತಿರುಗಿ ಮೂಲೆಯಾಗಲಿ. ಒಲೆ ಆಗ್ನೇಯದ ಮೂಲೆಗೆ ಹತ್ತಿರ, ಸಿಂಕು ಅದೇ ಪೂರ್ವದ ಕಟ್ಟೆಯ ಉತ್ತರದ ತುದಿಯಲ್ಲಿ. ಎರಡರ ನಡುವೆ ತರಕಾರಿ ಹೆಚ್ಚಲು ಕನಿಷ್ಠ ಎರಡೂವರೆ ಅಡಿ ಖಾಲಿ ಕಟ್ಟೆ ಉಳಿಯಬೇಕು. ಸಂಹಿತೆಯ ಕನಿಷ್ಠ 5 ಚದರ ಮೀಟರು, ಎಂದರೆ 54 ಚದರಡಿ. ಇಲ್ಲಿ 87 ಚದರಡಿ ಇದೆ, ಇಬ್ಬರು ಒಟ್ಟಿಗೆ ನಿಂತು ಕೆಲಸ ಮಾಡಬಹುದು. ಕಟ್ಟೆಯ ಎತ್ತರವನ್ನು ಮೇಸ್ತ್ರಿ ತನ್ನ ಅಭ್ಯಾಸದಂತೆ ಇಡುತ್ತಾನೆ, ಸಾಮಾನ್ಯವಾಗಿ 32 ರಿಂದ 34 ಇಂಚು. ಹೆಚ್ಚು ಹೊತ್ತು ಅಡುಗೆ ಮಾಡುವವರನ್ನು ನಿಲ್ಲಿಸಿ, ಅವರ ಮೊಣಕೈಗಿಂತ ನಾಲ್ಕಿಂಚು ಕೆಳಗೆ ಎಂದು ಗೋಡೆಗೆ ಗುರುತು ಹಾಕಿಸುವುದು ಉತ್ತಮ.

ಅಡುಗೆಮನೆ ಮುಂದಿರುವ ನಕ್ಷೆಗಳಲ್ಲಿ ಹಿತ್ತಲು ದೂರವಾಗುತ್ತದೆ. ಪಾತ್ರೆ, ಬಟ್ಟೆ, ಕಸ ಎಲ್ಲವೂ ಊಟದ ಜಾಗವನ್ನೂ ಮಲಗುವ ಕೋಣೆಯನ್ನೂ ಹಾದು ಹಿಂದಕ್ಕೆ ಹೋಗುವಂತಾಗಬಾರದು. ಅಡುಗೆಮನೆಯ ದಕ್ಷಿಣ ಗೋಡೆಯ ಪಶ್ಚಿಮದ ತುದಿಯಲ್ಲಿ ಒಂದು ಬಾಗಿಲಿಟ್ಟು, ಪಕ್ಕದ ಮೂರಡಿ ಜಾಗಕ್ಕೆ ಕಡಪ ಕಲ್ಲು ಹಾಸಿ ನಲ್ಲಿ ಕೊಡಿಸಿದರೆ ಅದೇ ಯುಟಿಲಿಟಿ. ಅಲ್ಲಿ ತಾರಸಿ ಹಾಕಿ ಮುಚ್ಚಲು ಹೋಗಬೇಡಿ. ನಿಯಮವೂ ಸಾಮಾನ್ಯವಾಗಿ ಒಪ್ಪುವುದಿಲ್ಲ, ದಕ್ಷಿಣದ ಗಾಳಿಯೂ ನಿಂತುಹೋಗುತ್ತದೆ. ಗ್ಯಾಸ್ ಸಿಲಿಂಡರು ಒಳಗೇ ಇರುವುದಾದರೆ ಕಟ್ಟೆಯ ಕೆಳಗೆ, ನೆಲಮಟ್ಟದಲ್ಲಿ, ಹೊರಕ್ಕೊಂದು ಜಾಲಿ ಇರಲೇಬೇಕು, ಏಕೆಂದರೆ ಸೋರಿದ ಅಡುಗೆ ಅನಿಲ ಗಾಳಿಗಿಂತ ಭಾರವಾಗಿದ್ದು ನೆಲದ ಮೇಲೆ ಹರಡುತ್ತದೆ. ಮೇಲಿನ ಕಿಟಕಿ ತೆರೆದಿಟ್ಟರೆ ಸಾಲದು.

ನೀರು ಬರುವ, ಹೋಗುವ ದಾರಿ

ಎರಡು ಬಚ್ಚಲುಗಳ ನಡುವಿನ ಗೋಡೆಯಲ್ಲೇ ಎರಡರ ನಲ್ಲಿಗಳೂ ಬೆನ್ನಿಗೆ ಬೆನ್ನು ಹಚ್ಚಿ ಬಂದರೆ ಪೈಪಿನ ಖರ್ಚು ತಗ್ಗುತ್ತದೆ. ಹಾಲಿಗೆ ಸೇರಿದ ಬಚ್ಚಲಿನ ಗೋಡೆಯಲ್ಲಿ ಪೈಪು ಹೂಳಿಸಬಾರದು, ಟಿ.ವಿ.ಗೋ ಕಪಾಟಿಗೋ ಮೊಳೆ ಕೊರೆಯುವ ದಿನ ಅದು ಗೊತ್ತಾಗುತ್ತದೆ. ಬಚ್ಚಲಿನ ನೆಲ ಕೋಣೆಗಿಂತ ಒಂದಿಂಚು ತಗ್ಗಿರಲಿ.

ಈ ನಕ್ಷೆಯಲ್ಲಿ ಒಂದು ಮರೆಯ ತೊಡಕಿದೆ. ಬಚ್ಚಲಿನ ಕೊಳವೆ ಉತ್ತರದ ಮೂರಡಿ ಜಾಗದಲ್ಲಿ ಹರಿದು ಪೂರ್ವದ ರಸ್ತೆಯ ಒಳಚರಂಡಿಯನ್ನು ಸೇರಬೇಕು. ಸಂಪನ್ನೂ ಈಶಾನ್ಯದಲ್ಲೇ ತೋಡಿಸುವುದು ವಾಡಿಕೆ. ಕುಡಿಯುವ ನೀರಿನ ಗೋಡೆಗೆ ಚರಂಡಿಯ ಕೊಳವೆ ಅಂಟಿಕೊಂಡು ಹೋಗದಂತೆ, ಸಂಪನ್ನು ಮೂಲೆಯಿಂದ ತುಸು ದಕ್ಷಿಣಕ್ಕೆ, ಹಾಲಿನ ಮುಂಭಾಗಕ್ಕೆ ಸರಿಸಬೇಕು. ಆಗಲೂ ಅದು ಈಶಾನ್ಯದ ಭಾಗದಲ್ಲೇ ಇರುತ್ತದೆ. ಬೆಂಗಳೂರಿನಲ್ಲಿ 30×40 ಮತ್ತು ಅದಕ್ಕೂ ದೊಡ್ಡ ಸೈಟಿನಲ್ಲಿ ಹೊಸದಾಗಿ ಕಟ್ಟುವವರಿಗೆ ಮಳೆನೀರು ಸಂಗ್ರಹ ಕಡ್ಡಾಯವಾದ್ದರಿಂದ, ತಾರಸಿಯ ಇಳಿಕೊಳವೆಗಳು ಸಂಪಿನ ಕಡೆಗೇ ಇಳಿಯುವಂತೆ ತಾರಸಿಯ ಇಳಿಜಾರನ್ನೂ ನಕ್ಷೆಯಲ್ಲೇ ಬಾಣ ಹಾಕಿ ತೋರಿಸಬೇಕು.

ಬಿಸಿಲು ಮತ್ತು ಗಾಳಿ

ಒಂದಂತಸ್ತಿನ ಮನೆಯ ಪ್ರತಿ ಕೋಣೆಯ ಮೇಲೂ ಕಾದ ತಾರಸಿ ಇರುತ್ತದೆ. ಆದ್ದರಿಂದ ಸಂಹಿತೆಯ ಕನಿಷ್ಠ 2.75 ಮೀಟರು ಎತ್ತರಕ್ಕೆ ನಿಲ್ಲದೆ ಹತ್ತಡಿ ಇಡುವುದು ಒಳ್ಳೆಯದು. ಕಿಟಕಿಯ ಒಟ್ಟು ವಿಸ್ತೀರ್ಣ ನೆಲದ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆಯಾಗಬಾರದೆಂದು ಇಟ್ಟುಕೊಂಡರೆ 121 ಚದರಡಿಯ ಕೋಣೆಗೆ 4×4 ಅಡಿಯ ಒಂದು ಕಿಟಕಿ ಲೆಕ್ಕಕ್ಕೆ ಸಾಕು. ಆದರೆ ಒಂದೇ ಕಿಟಕಿಯಿಂದ ಗಾಳಿ ಆಡುವುದಿಲ್ಲ. ಹಿಂದಿನ ಎರಡೂ ಕೋಣೆಗಳು ಮೂಲೆಯಲ್ಲಿರುವ ಅನುಕೂಲವನ್ನು ಬಳಸಿಕೊಂಡು ಎರಡೆರಡು ಗೋಡೆಗಳಲ್ಲಿ ಕಿಟಕಿ ಕೊಡಬೇಕು.

ಯಾವ ಗೋಡೆಗೆ ಎಷ್ಟು ದೊಡ್ಡದು ಎಂಬುದು ಊರನ್ನು ಅವಲಂಬಿಸುತ್ತದೆ. ದಕ್ಷಿಣದ ಬಿಸಿಲನ್ನು ಎರಡಡಿಯ ಸಜ್ಜಾ ತಡೆಯುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವರೆಗೆ ಬೆಂಗಳೂರಿನ ಅಕ್ಷಾಂಶದಲ್ಲಿ ನಡುಹಗಲ ಸೂರ್ಯ ಹೇಗೂ ಉತ್ತರಕ್ಕೆ ವಾಲಿರುತ್ತಾನೆ. ಪಶ್ಚಿಮದ ಇಳಿಬಿಸಿಲು ಸಜ್ಜಾದ ಅಡಿಯಿಂದ ನುಗ್ಗುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯಂಥ ಕಡೆ ಪಶ್ಚಿಮದ ಗೋಡೆಗೆ ಕಪಾಟುಗಳನ್ನು ಕೊಟ್ಟು ಕಿಟಕಿಯನ್ನು ಚಿಕ್ಕದು ಮಾಡಿದರೆ ರಾತ್ರಿ ನಿದ್ದೆ ಬರುತ್ತದೆ. ಉಡುಪಿ, ಮಂಗಳೂರಿನಲ್ಲಿ ಮುಂಗಾರಿನ ಎರಚಲೂ ಅದೇ ದಿಕ್ಕಿನಿಂದ ಬರುವುದರಿಂದ ಅಲ್ಲಿನ ಮನೆಗೆ ಸಜ್ಜಾ ಸಾಲದು, ಇಳಿಮಾಡು ಬೇಕು.

ಕಾರು ಮತ್ತು ಮೆಟ್ಟಿಲು

ಇಲ್ಲಿಯವರೆಗಿನ ಲೆಕ್ಕದಲ್ಲಿ ಇವೆರಡಕ್ಕೂ ಜಾಗವಿಲ್ಲ. ಕಾರು ನಿಲ್ಲಿಸಿ ಬಾಗಿಲು ತೆರೆಯಲು ಸುಮಾರು 8×15 ಅಡಿ ಬೇಕು. ಅದು 120 ಚದರಡಿ, ನಮ್ಮ ಮಲಗುವ ಕೋಣೆಯೊಂದರಷ್ಟೇ. ಕಾರನ್ನು ರಸ್ತೆಗೆ ಸಮಾನಾಂತರವಾಗಿ ಮುಂದೆ ನಿಲ್ಲಿಸುವುದಾದರೆ ಮುಂದಿನ ಜಾಗವನ್ನು 9 ಅಡಿಗೆ ಹಿಗ್ಗಿಸಬೇಕು, ಮನೆಯ ಉದ್ದ 28 ಅಡಿಗೆ ಇಳಿಯುತ್ತದೆ, ಮೂರೂ ಪಟ್ಟಿಗಳು ತಲಾ ಒಂದಡಿಗೂ ಹೆಚ್ಚು ಕುಗ್ಗುತ್ತವೆ. ಕಾರೋ ಕೋಣೆಯೋ ಎಂಬುದನ್ನು ಮನೆಯವರು ಕೂತು ತೀರ್ಮಾನಿಸಬೇಕು. ಎರಡೂ ಹಿಡಿಸಿಕೊಡುತ್ತೇನೆ ಎನ್ನುವ ನಕ್ಷೆಯಲ್ಲಿ ಬಚ್ಚಲಿನ ಅಳತೆಯನ್ನು ಮೊದಲು ನೋಡಿ.

ಮುಂದೆ ಮಹಡಿ ಎಬ್ಬಿಸುವ ಯೋಚನೆ ಇದ್ದರೆ ಮೆಟ್ಟಿಲಿಗೆ ಈಗಲೇ ಜಾಗ ಬಿಡಬೇಕು. ಏಳಿಂಚಿನ ಏರು, ಹತ್ತಿಂಚಿನ ಮೆಟ್ಟಿಲು ಎಂದರೆ ಹದಿನೆಂಟರಿಂದ ಹತ್ತೊಂಬತ್ತು ಮೆಟ್ಟಿಲು. ನಡುವೆ ತಿರುಗುವ ಮೆಟ್ಟಿಲಿಗೆ ಸುಮಾರು 6½×10½ ಅಡಿ ಹೋಗುತ್ತದೆ, ಆಗ ಹಾಲಿನ ಅರ್ಧ ಅದಕ್ಕೇ. ನೀರಿನ ಟ್ಯಾಂಕು ನೋಡಲು, ಹಪ್ಪಳ ಸಂಡಿಗೆ ಒಣಗಿಸಲು ಮಾತ್ರವಾದರೆ ಹೊರಗಿನ ಕಬ್ಬಿಣದ ಮೆಟ್ಟಿಲು ಸಾಕು. ಸುತ್ತ ಬಿಟ್ಟ ಜಾಗದಲ್ಲಿ ಅದನ್ನು ನಿಲ್ಲಿಸಲು ಅನುಮತಿ ಇದೆಯೇ ಎಂದು ಲೈಸೆನ್ಸ್ ಕೊಡುವ ಕಚೇರಿಯಲ್ಲಿಯೇ ಕೇಳಬೇಕು.

ಅಗೆಯುವ ಮೊದಲು ನೆಲದ ಮೇಲೆ

ನಕ್ಷೆ ಒಪ್ಪಿಗೆಯಾದ ಮೇಲೆ ಸೈಟನ್ನು ಚೊಕ್ಕ ಮಾಡಿಸಿ, ಸುಣ್ಣದ ಪುಡಿಯಲ್ಲಿ ಪ್ರತಿ ಕೋಣೆಯನ್ನೂ ನಿಜವಾದ ಅಳತೆಯಲ್ಲಿ ಎಳೆಸಬೇಕು. ಬಾಗಿಲಿನ ಜಾಗಗಳನ್ನು ಖಾಲಿ ಬಿಡಿಸಿ, ಮಂಚ ಮತ್ತು ಮೇಜಿನ ಅಳತೆಗೆ ಹಳೆಯ ಪತ್ರಿಕೆಗಳನ್ನು ಹಾಸಿ, ಮನೆಯವರೆಲ್ಲ ಒಂದು ಬೆಳಗಿನ ದಿನಚರಿಯನ್ನು ನಡೆದೇ ನೋಡಬೇಕು: ಹಾಲಿನವನು ಬಂದದ್ದು, ಅಜ್ಜಿ ಸ್ನಾನಕ್ಕೆ ಹೊರಟದ್ದು, ಮಕ್ಕಳು ಶಾಲೆಗೆ ತಯಾರಾದದ್ದು. ಛಾವಣಿಯಿಲ್ಲದ ಬಯಲಲ್ಲಿ ಕೋಣೆಗಳು ಚಿಕ್ಕವಾಗಿ ಕಾಣುವುದು ಸಹಜ, ಅದಕ್ಕೆ ಹೆದರಿ ಅಳತೆ ಬದಲಿಸಬಾರದು; ಇಬ್ಬರು ಎದುರುಬದುರಾದಾಗ ಒಬ್ಬರು ಗೆರೆ ತುಳಿಯಬೇಕಾಗಿ ಬಂದರೆ ಮಾತ್ರ ಅಲ್ಲಿನ ಬಾಗಿಲನ್ನು ಸರಿಸಬೇಕು.

ಪಾಯದ ಗೂಟ ಹೊಡೆದ ಮೇಲೆ ಕರ್ಣಗಳನ್ನು ನೀವೇ ನಿಂತು ಅಳೆಸಿ. 24×32 ಅಡಿಯ ಕಟ್ಟಡದ ಕರ್ಣ ಕರಾರುವಾಕ್ಕಾಗಿ 40 ಅಡಿ. ಆಯಕ್ಕಾಗಿ ಅಳತೆ ಬದಲಾಗಿದ್ದರೆ ಈ ಅಂಕಿಯೂ ಬದಲಾಗುತ್ತದೆ, ಆದರೆ ಎರಡು ಕರ್ಣಗಳೂ ಸಮನಾಗಿರಲೇಬೇಕು. ಒಂದು 40 ಅಡಿ, ಇನ್ನೊಂದು 40 ಅಡಿ 2 ಇಂಚು ಬಂದರೆ ಮೂಲೆ ಓರೆಯಾಗಿದೆ ಎಂದರ್ಥ, ಜೆಸಿಬಿ ಬರುವ ಮೊದಲೇ ಗೂಟ ಕಿತ್ತು ಮತ್ತೆ ಹೊಡೆಸಬೇಕು.